ಮೂರೇ ಸಂಸದರ ಕ್ಷೇತ್ರ: ಕೆನಡಾದ ನೇಪಿಯನ್ ಕತೆ

ಕೆನಡಾದ ರಾಜಧಾನಿ ಒಟ್ಟಾವದ ನೈರುತ್ಯಕ್ಕೆ ನೇಪಿಯನ್ ಎಂಬ ಲೋಕಸಭಾ ಕ್ಷೇತ್ರವಿದೆ. ಅದರ ಸಂಸದರ ಪಟ್ಟಿ ತೆಗೆದರೆ ಸಿಗುವುದು ಮೂರೇ ಹೆಸರು. 1988ರಿಂದ 1997ರವರೆಗೆ ಬೆರಿಲ್ ಗ್ಯಾಫ್ನಿ. 2015ರಿಂದ 2025ರವರೆಗೆ ಚಂದ್ರ ಆರ್ಯ. 2025ರಿಂದ ಮಾರ್ಕ್ ಕಾರ್ನಿ. ಎರಡನೆಯವರು ನಮ್ಮ ಶಿರಾ ತಾಲ್ಲೂಕಿನವರು, ಕೆನಡಾದ ಸಂಸತ್ತಿನಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದವರು. ಮೂರನೆಯವರು ದೇಶದ ಪ್ರಧಾನಿ. ಪಟ್ಟಿ ಇಷ್ಟೇ. ಆದರೆ ನಡುವೆ ಹದಿನೆಂಟು ವರ್ಷ ಖಾಲಿ ಬಿದ್ದಿದೆಯಲ್ಲ, ಆಗ ಅಲ್ಲಿನ ಜನ ಎಲ್ಲಿದ್ದರು?

ಅಲ್ಲೇ ಇದ್ದರು. ಅದೇ ಬೀದಿ, ಅದೇ ಮನೆ. ಚುನಾವಣೆ ಬಂದಾಗಲೆಲ್ಲ ಮತವನ್ನೂ ಹಾಕಿದರು. ಆ ಹದಿನೆಂಟು ವರ್ಷ ಅವರ ಕ್ಷೇತ್ರಕ್ಕೆ ಬೇರೆ ಹೆಸರಿತ್ತು, ಬೇರೆ ಗಡಿಯಿತ್ತು. ಆದ್ದರಿಂದ ಕೆನಡಾದ ಯಾವುದೇ ಕ್ಷೇತ್ರದ ಇತಿಹಾಸ ತಿಳಿಯಬೇಕಾದರೆ ಹೆಸರಿನ ಬೆನ್ನು ಹತ್ತಿ ಹೋದರೆ ದಾರಿ ತಪ್ಪುತ್ತದೆ. ನೆಲದ ಬೆನ್ನು ಹತ್ತಬೇಕು. ನೇಪಿಯನ್ ಅದಕ್ಕೆ ಒಳ್ಳೆಯ ಪಾಠ, ಕನ್ನಡಿಗರಿಗಂತೂ ಹತ್ತಿರದ ಪಾಠ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ಕೆನಡಾದವರು ಮಾತಿನಲ್ಲಿ ಕ್ಷೇತ್ರವನ್ನು 'ರೈಡಿಂಗ್' ಅನ್ನುತ್ತಾರೆ. ಕೇಳಿದವರಿಗೆ ಕುದುರೆ ಸವಾರಿ ನೆನಪಾಗುತ್ತದೆ, ಆದರೆ ಇದಕ್ಕೂ ಕುದುರೆಗೂ ಸಂಬಂಧವಿಲ್ಲ. ಹಳೆಯ ನಾರ್ಸ್ ಭಾಷೆಯಲ್ಲಿ ಮೂರನೆಯ ಒಂದು ಪಾಲು ಎಂಬ ಅರ್ಥದ ಪದವೊಂದಿತ್ತು. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯನ್ನು ಹಾಗೆ ಮೂರು ಪಾಲು ಮಾಡಿ ಕರೆಯುತ್ತಿದ್ದರು. ಆ ಪದ ಸವೆದು ರೈಡಿಂಗ್ ಆಯಿತು, ವಲಸೆ ಬಂದವರ ಜೊತೆ ಕಡಲು ದಾಟಿ ಕೆನಡಾದಲ್ಲಿ ಉಳಿಯಿತು.

ಈಗ ಗಡಿಯ ವಿಷಯ. ಕೆನಡಾದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯುತ್ತಾರೆ. ಎಳೆಯುವವರು ಯಾರು ಎಂಬುದೇ ಇಲ್ಲಿ ಮುಖ್ಯ. 1960ರ ದಶಕದವರೆಗೂ ಆ ಕೆಲಸವನ್ನು ಸಂಸತ್ತೇ ಮಾಡುತ್ತಿತ್ತು. ಅಂದರೆ ಚುನಾವಣೆಗೆ ನಿಲ್ಲುವವರೇ ತಮ್ಮ ಅಂಗಳದ ಬೇಲಿ ಹಾಕಿಕೊಳ್ಳುತ್ತಿದ್ದರು. ಮೊದಲ ಪ್ರಧಾನಿ ಜಾನ್ ಎ. ಮೆಕ್ಡೊನಾಲ್ಡ್ 1882ರಲ್ಲಿ ಒಂಟಾರಿಯೊದ ಗಡಿಗಳನ್ನು ತಿರುಚಿ, ವಿರೋಧಿಗಳ ಮತವೆಲ್ಲ ಕೆಲವೇ ಕ್ಷೇತ್ರಗಳಲ್ಲಿ ಗುಡ್ಡೆಬೀಳುವ ಹಾಗೆ ಮಾಡಿದ್ದು ಅಲ್ಲಿನ ಇತಿಹಾಸದಲ್ಲಿ ಇವತ್ತಿಗೂ ಕುಖ್ಯಾತ. 1964ರ ಕಾಯ್ದೆ ಈ ಅಧಿಕಾರವನ್ನು ರಾಜಕಾರಣಿಗಳ ಕೈಯಿಂದ ತೆಗೆಯಿತು. ಈಗ ಪ್ರತಿ ಪ್ರಾಂತ್ಯಕ್ಕೂ ಮೂವರ ಸ್ವತಂತ್ರ ಆಯೋಗವಿರುತ್ತದೆ. ಅಧ್ಯಕ್ಷರಾಗಿ ಪ್ರಾಂತ್ಯದ ಮುಖ್ಯ ನ್ಯಾಯಮೂರ್ತಿ ನೇಮಿಸಿದ ನ್ಯಾಯಾಧೀಶರೊಬ್ಬರು, ಜೊತೆಗೆ ಕೆಳಮನೆಯ ಸಭಾಧ್ಯಕ್ಷರು ನೇಮಿಸಿದ ಇಬ್ಬರು. ಇವರು ಕರಡು ನಕ್ಷೆ ಬಿಡುಗಡೆ ಮಾಡುತ್ತಾರೆ, ಊರೂರಲ್ಲಿ ಸಾರ್ವಜನಿಕರ ಅಹವಾಲು ಕೇಳುತ್ತಾರೆ. ಸಂಸದರೂ ಆಕ್ಷೇಪ ಹೇಳಬಹುದು, ಆದರೆ ಕೊನೆಯ ಮಾತು ಆಯೋಗದ್ದೇ. ಒಂದು ಕ್ಷೇತ್ರದ ಜನಸಂಖ್ಯೆ ಪ್ರಾಂತ್ಯದ ಸರಾಸರಿಗಿಂತ ಶೇ. 25ಕ್ಕಿಂತ ಹೆಚ್ಚು ಮೇಲೆ ಕೆಳಗೆ ಆಗಬಾರದು. ತೀರಾ ವಿಶೇಷ ಸಂದರ್ಭಕ್ಕೆ ಮಾತ್ರ ವಿನಾಯಿತಿ.

ಗಡಿಯ ಜೊತೆಗೆ ಸ್ಥಾನಗಳ ಸಂಖ್ಯೆಯೂ ಬೆಳೆಯುತ್ತದೆ. 2015ರ ಚುನಾವಣೆಗೆ 308 ಇದ್ದದ್ದು 338 ಆಯಿತು, 2025ಕ್ಕೆ 343. ನಮ್ಮಲ್ಲಿ ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸ್ಥಾನ ಎಂಬ ಲೆಕ್ಕ 1971ರ ಜನಗಣತಿಗೆ ಕಟ್ಟುಬಿದ್ದು ನಿಂತಿದೆ. ಅದನ್ನು ಬಿಚ್ಚಿದರೆ ದಕ್ಷಿಣದ ತೂಕ ಕಡಿಮೆಯಾದೀತು ಎಂಬ ಆತಂಕ ನಮಗೆಲ್ಲ ಇದೆ. ಕೆನಡಾದಲ್ಲೂ ಇಂಥದೇ ಪ್ರಶ್ನೆ ಎದ್ದಿತ್ತು. 2021ರ ಲೆಕ್ಕದ ಪ್ರಕಾರ ಫ್ರೆಂಚ್ ಮಾತಾಡುವ ಕ್ಯುಬೆಕ್ ತನ್ನ 78 ಸ್ಥಾನಗಳಲ್ಲಿ ಒಂದನ್ನು ಕಳೆದುಕೊಳ್ಳಬೇಕಿತ್ತು. ಸಂಸತ್ತು 2022ರಲ್ಲಿ ಕಾನೂನು ತಿದ್ದಿ, ಯಾವ ಪ್ರಾಂತ್ಯಕ್ಕೂ ಇರುವ ಸ್ಥಾನ ಕಡಿಮೆಯಾಗದಂತೆ ನೋಡಿಕೊಂಡಿತು. ಜನ ಹೆಚ್ಚಿದ ಕಡೆ ಸ್ಥಾನ ಸೇರಿಸು, ಕಡಿಮೆಯಾದ ಕಡೆ ಕೀಳಬೇಡ ಎಂಬ ಈ ಲೆಕ್ಕ ನಮ್ಮಲ್ಲಿ ಚರ್ಚೆ ಮಾಡುವವರ ಕಣ್ಣಿಗೆ ಬೀಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನು ನೇಪಿಯನ್ ಎಂಬ ಹೆಸರು. ಇವಾನ್ ನೇಪಿಯನ್ ಎಂಬ ಬ್ರಿಟಿಷ್ ಅಧಿಕಾರಿ 1782ರಿಂದ ಲಂಡನ್ನಿನ ಗೃಹ ಇಲಾಖೆಯಲ್ಲಿ ಅಧೀನ ಕಾರ್ಯದರ್ಶಿಯಾಗಿದ್ದ. ಸಾಮ್ರಾಜ್ಯದ ಕಾಗದಪತ್ರಗಳೆಲ್ಲ ಅವನ ಮೇಜಿನ ಮೇಲೆ ಹಾದುಹೋಗುತ್ತಿದ್ದವು. ಹಾಗಾಗಿ ಕೆನಡಾದಲ್ಲಿ ಹೊಸದಾಗಿ ಅಳೆದ ಭೂಮಿಗೊಂದು, ಆಸ್ಟ್ರೇಲಿಯಾದ ನದಿಯೊಂದಕ್ಕೆ ಅವನ ಹೆಸರು ಬಿತ್ತು. 1812ರಿಂದ 1819ರವರೆಗೆ ಅವನು ಬಾಂಬೆಯ ಗವರ್ನರ್ ಆಗಿದ್ದ. ಮುಂಬೈನ ನೇಪಿಯನ್ ಸೀ ರೋಡ್ ಅವನ ಹೆಸರಿನದೇ. ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ, ಬೆಳಗಾವಿ ಸೀಮೆ ಕಂಪನಿಯ ಕೈಸೇರಿದ್ದು ಅವನು ಗವರ್ನರ್ ಆಗಿದ್ದ ಕಾಲದಲ್ಲೇ. ಆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದಿದ ಚಂದ್ರ ಆರ್ಯ ಮುಂದೆ ನೇಪಿಯನ್ ಕ್ಷೇತ್ರದ ಸಂಸದರಾದರು. ಇದು ಕೇವಲ ಕಾಕತಾಳೀಯ, ಗೊತ್ತು. ಆದರೂ ಮೊದಲ ಸಲ ಇದನ್ನು ಜೋಡಿಸಿ ನೋಡಿದಾಗ ಒಂದು ಗಳಿಗೆ ಸುಮ್ಮನೆ ಕೂತಿದ್ದೆ.

ಹಳೆಯ ನೇಪಿಯನ್ ಟೌನ್‌ಷಿಪ್ ಇವತ್ತಿನ ಕ್ಷೇತ್ರಕ್ಕಿಂತ ಎಷ್ಟೋ ದೊಡ್ಡದು. ರಿಡೋ ನದಿಯ ಪಶ್ಚಿಮಕ್ಕೆ, ಈಗ ಒಟ್ಟಾವದ ನಡುಪೇಟೆ ಇರುವ ಜಾಗವೂ ಅದರೊಳಗೇ ಇತ್ತು. 1826ರಲ್ಲಿ ಕಾಲುವೆ ಕಟ್ಟಲು ಬಂದ ಜಾನ್ ಬೈ ಎಂಬ ಸೇನಾ ಎಂಜಿನಿಯರ್ ಅಲ್ಲಿ ಬೈಟೌನ್ ಎಂಬ ಊರು ಎಬ್ಬಿಸಿದ. ಅದೇ 1855ರಲ್ಲಿ ಒಟ್ಟಾವ ಆಯಿತು. ಹೀಗೆ ಹೊಟ್ಟೆಯಿಂದ ಹುಟ್ಟಿದ ಊರು ಬೆಳೆಬೆಳೆದು ತಾಯಿಯನ್ನೇ ನುಂಗುತ್ತ ಬಂತು. ನೇಪಿಯನ್ 1978ರಲ್ಲಿ ನಗರವಾಯಿತು, 2001ರ ಜನವರಿ 1ರಂದು ಒಟ್ಟಾವದಲ್ಲಿ ವಿಲೀನವಾಯಿತು. ಊರಾಗಿ ನೇಪಿಯನ್ ಈಗ ಕಾಗದದ ಮೇಲಿಲ್ಲ, ಜನರ ಬಾಯಲ್ಲಿದೆ, ಚುನಾವಣೆಯ ನಕ್ಷೆಯಲ್ಲಿದೆ. ಕಲ್ಲಿನಲ್ಲೂ ಇದೆ. ಸಂಸತ್ ಭವನಗಳ ಹೊರಗೋಡೆಗಳಿಗೆ ಬಳಸಿದ್ದು ಅಲ್ಲಿಯದೇ ಮರಳುಗಲ್ಲು, ಅದರ ಹೆಸರೇ ನೇಪಿಯನ್ ಕಲ್ಲು.

1867ರಲ್ಲಿ ಕೆನಡಾ ಒಕ್ಕೂಟ ಹುಟ್ಟಿದಾಗ ನೇಪಿಯನ್ ಎಂಬ ಕ್ಷೇತ್ರವಿರಲಿಲ್ಲ. ನೇಪಿಯನ್ ಟೌನ್‌ಷಿಪ್ ಸುತ್ತಮುತ್ತಲಿನ ಕೆಲವು ಟೌನ್‌ಷಿಪ್‌ಗಳ ಜೊತೆ ಕಾರ್ಲ್‌ಟನ್ ಎಂಬ ಕ್ಷೇತ್ರದಲ್ಲಿತ್ತು. ಈ ಕಾರ್ಲ್‌ಟನ್ ಮೊದಲಿನಿಂದಲೂ ದೊಡ್ಡ ನಾಯಕರಿಗೆ ಆಸರೆ ಕೊಟ್ಟ ಕ್ಷೇತ್ರ. ಗಡಿ ತಿರುಚಿದ ಅದೇ ಮೆಕ್ಡೊನಾಲ್ಡ್, ಪ್ರಧಾನಿಯಾಗಿದ್ದಾಗಲೇ, 1882ರಿಂದ 1887ರವರೆಗೆ ಕಾರ್ಲ್‌ಟನ್ ಸಂಸದ. ರಾಬರ್ಟ್ ಬೋರ್ಡನ್ 1904ರಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ಸೋತಾಗ 1905ರ ಉಪಚುನಾವಣೆಯಲ್ಲಿ ಅವರನ್ನು ಸದನಕ್ಕೆ ವಾಪಸು ಕಳಿಸಿದ್ದು ಕಾರ್ಲ್‌ಟನ್. ಮುಂದೆ ಅವರು ಪ್ರಧಾನಿಯಾದರು. ಒಂಟಾರಿಯೊ ಪ್ರಾಂತ್ಯದ ಮುಖ್ಯಸ್ಥರಾಗಿದ್ದ ಜಾರ್ಜ್ ಡ್ರೂ 1948ರಲ್ಲಿ ರಾಷ್ಟ್ರೀಯ ವಿರೋಧ ಪಕ್ಷದ ನಾಯಕರಾದಾಗ ಅವರಿಗೂ ಸ್ಥಾನ ಬೇಕಾಯಿತು, ಅದೂ ಇಲ್ಲೇ ಸಿಕ್ಕಿತು. ಕೆನಡಾದಲ್ಲಿ ಅಭ್ಯರ್ಥಿ ಆ ಕ್ಷೇತ್ರದ ನಿವಾಸಿಯೇ ಆಗಿರಬೇಕೆಂದಿಲ್ಲ. ರಾಜಧಾನಿಗೆ ಅಂಟಿಕೊಂಡ ಕ್ಷೇತ್ರವೆಂದರೆ ನಾಯಕರಿಗೆ ಅನುಕೂಲವೂ ಹೌದು.

ಮುಂದಿನದನ್ನು ಒಂದು ಮನೆ ಇಟ್ಟುಕೊಂಡು ನೋಡಿದರೆ ಸುಲಭ. ಬಾರ್‌ಹೇವನ್ ಎಂಬ ಬಡಾವಣೆಯಲ್ಲಿ 1978ರ ಸುಮಾರಿಗೆ ಒಂದು ಕುಟುಂಬ ಮನೆ ಕೊಂಡಿತು ಎಂದಿಟ್ಟುಕೊಳ್ಳಿ. ಒಟ್ಟಾವದ ಸುತ್ತ ಕೇಂದ್ರ ಸರ್ಕಾರ 1950ರ ದಶಕದ ಕೊನೆಯಿಂದ ಭೂಮಿ ಕೊಂಡು ಹಸಿರು ಪಟ್ಟಿಯೊಂದನ್ನು ಬಿಟ್ಟಿತು. ಹೊಲ, ಕಾಡು, ಜೌಗುಗಳ ಆ ಪಟ್ಟಿಯ ಆಚೆ ದಂಡೆಯಲ್ಲಿ, ಮೊದಲು ಹೊಲವಾಗಿದ್ದ ಜಾಗದಲ್ಲಿ ಬೆಳೆದದ್ದು ಬಾರ್‌ಹೇವನ್. ಇಂಥ ಬಡಾವಣೆಗಳಿಂದ ಬೆಳಗ್ಗೆ ಹಸಿರು ಪಟ್ಟಿ ದಾಟಿ ಸರ್ಕಾರಿ ಕಚೇರಿಗೆ ಹೋಗುವ ನೌಕರರು ಬಹಳ. ಕೇಂದ್ರದಲ್ಲಿ ನೌಕರಿ ಕಡಿತ ಎಂಬ ಮಾತು ಬಂದರೆ ಅದು ಈ ಭಾಗದ ಅಡುಗೆಮನೆಗಳಲ್ಲಿ ಚರ್ಚೆಯಾಗುತ್ತದೆ.

ಆ ಕುಟುಂಬ 1979ರಲ್ಲಿ ಮತ ಹಾಕಿದ್ದು ಹೊಸದಾಗಿ ಹುಟ್ಟಿದ್ದ ನೇಪಿಯನ್—ಕಾರ್ಲ್‌ಟನ್ ಕ್ಷೇತ್ರದಲ್ಲಿ. ಗೆದ್ದವರು ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ವಾಲ್ಟರ್ ಬೇಕರ್. ಜೋ ಕ್ಲಾರ್ಕ್ ಅವರ ಅಲ್ಪಾಯುಷಿ ಸರ್ಕಾರದಲ್ಲಿ ಮಂತ್ರಿ, ಸದನದಲ್ಲಿ ಸರ್ಕಾರದ ಪಕ್ಷದ ನಾಯಕ. 1983ರಲ್ಲಿ ಸಂಸದರಾಗಿದ್ದಾಗಲೇ ತೀರಿಕೊಂಡರು. ಬಾರ್‌ಹೇವನ್ನಿನ ಕ್ರೀಡಾ ಕೇಂದ್ರಕ್ಕೆ ಇಂದಿಗೂ ಅವರದೇ ಹೆಸರು. ಅವರ ನಂತರ 1984ರಲ್ಲಿ ಅದೇ ಪಕ್ಷದ ಬಿಲ್ ಟಪ್ಪರ್ ಗೆದ್ದರು.

1988ರಲ್ಲಿ ಮನೆ ಅಲ್ಲೇ, ಕ್ಷೇತ್ರ ನೇಪಿಯನ್. ಅಮೆರಿಕದ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಬೇಕೇ ಬೇಡವೇ ಎಂಬ ಒಂದೇ ಪ್ರಶ್ನೆಯ ಮೇಲೆ ನಡೆದ ಚುನಾವಣೆ ಅದು. ದೇಶದಲ್ಲಿ ಲಿಬರಲ್ಲರು ಸೋತರೂ ಇಲ್ಲಿ ಅವರ ಬೆರಿಲ್ ಗ್ಯಾಫ್ನಿ ಗೆದ್ದರು. ಸ್ಥಳೀಯ ನಗರಸಭೆಯಲ್ಲಿ ಪಳಗಿ ಬಂದವರು, 1993ರಲ್ಲಿ ಇನ್ನೊಮ್ಮೆ ಗೆದ್ದರು. ರಿಡೋ ನದಿಯ ದಡದ ಒಂದು ಉದ್ಯಾನಕ್ಕೆ ಅವರ ಹೆಸರಿಟ್ಟಿದ್ದಾರೆ.

1990ರ ದಶಕದ ನಡುವೆ ಆಯೋಗ ಮತ್ತೆ ಕೂತಿತು. ಹಸಿರು ಪಟ್ಟಿಯ ಒಳಗಿನ ನೇಪಿಯನ್ ಒಟ್ಟಾವ ಪಶ್ಚಿಮದ ಜೊತೆ ಸೇರಿ ಒಟ್ಟಾವ ವೆಸ್ಟ್—ನೇಪಿಯನ್ ಆಯಿತು. ಬಾರ್‌ಹೇವನ್ ಕಡೆ ಹೊರಗಿನ ಹಳ್ಳಿಗಳ ಜೊತೆ ಸೇರಿ ಮರಳಿ ನೇಪಿಯನ್—ಕಾರ್ಲ್‌ಟನ್ ಆಯಿತು. ಈ ಉದ್ದಗೆರೆಗೂ ಅರ್ಥವಿದೆ. ಒಂದೇ ಊರಿನ ಹೆಸರಿನೊಳಗೆ ಗಿಡ್ಡ ಗೆರೆ, ಎರಡು ಬೇರೆ ಊರುಗಳನ್ನು ಜೋಡಿಸಿದಾಗ ಉದ್ದ ಗೆರೆ. ಗೆರೆ ಉದ್ದವಿದ್ದರೆ ಆಯೋಗ ಎರಡು ಸೀಮೆಗಳನ್ನು ಒಂದೇ ನೊಗಕ್ಕೆ ಕಟ್ಟಿದೆ ಎಂದು ತಿಳಿಯಬೇಕು. ನಮ್ಮ ಕನಕಪುರ ಲೋಕಸಭಾ ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಇಲ್ಲವಾಗಿ ಬೆಂಗಳೂರು ಗ್ರಾಮಾಂತರ ಹುಟ್ಟಿದ್ದನ್ನು ಕಂಡವರಿಗೆ ಇದು ಹೊಸದಲ್ಲ.

1997ರಲ್ಲಿ ಆ ಮನೆಯ ಸಂಸದ ಲಿಬರಲ್ ಪಕ್ಷದ ಡೇವಿಡ್ ಪ್ರಾಟ್. ಏಳು ವರ್ಷ ಇದ್ದರು, 2003ರ ಕೊನೆಗೆ ರಕ್ಷಣಾ ಮಂತ್ರಿಯಾದರು. ಆದರೂ 2004ರ ಜೂನ್‌ನಲ್ಲಿ ಇಪ್ಪತ್ತೈದು ವರ್ಷದ ಹುಡುಗನೊಬ್ಬನ ಎದುರು ಸೋತರು. ಆ ಹುಡುಗನ ಹೆಸರು ಪಿಯೆರ್ ಪೊಯ್ಲಿಯೆವ್ರ್, ಕನ್ಸರ್ವೇಟಿವ್. ಹನ್ನೊಂದು ವರ್ಷ ಬಾರ್‌ಹೇವನ್ ಅವರ ಕ್ಷೇತ್ರದಲ್ಲೇ ಇತ್ತು. ಇಂದು ಪಟ್ಟಿಯಲ್ಲಿ ನೇಪಿಯನ್ ಎಂದು ಹುಡುಕಿದರೆ ಅವರ ಹೆಸರು ಸಿಗುವುದಿಲ್ಲ. ಆ ಖಾಲಿ ಹದಿನೆಂಟು ವರ್ಷಗಳಲ್ಲಿ ಅಡಗಿರುವುದು ಒಬ್ಬ ರಕ್ಷಣಾ ಮಂತ್ರಿ ಮತ್ತು ಮುಂದೆ ವಿರೋಧ ಪಕ್ಷದ ನಾಯಕರಾದ ಒಬ್ಬರು.

2012ರ ಮರುವಿಂಗಡಣೆ ಈ ಕ್ಷೇತ್ರವನ್ನು ಸೀಳಿತು. ಮನೆಗಳು ಒತ್ತಾಗಿ ಬೆಳೆದ ಭಾಗ ನೇಪಿಯನ್ ಎಂಬ ಹಳೆಯ ಹೆಸರನ್ನು ಮರಳಿ ಪಡೆಯಿತು. ಹಳ್ಳಿಗಳು ಹೆಚ್ಚಿರುವ ಭಾಗಕ್ಕೆ ಕಾರ್ಲ್‌ಟನ್ ಎಂಬ ಇನ್ನೂ ಹಳೆಯ ಹೆಸರು ಬಂತು. ಪೊಯ್ಲಿಯೆವ್ರ್ ಕಾರ್ಲ್‌ಟನ್ ಆರಿಸಿಕೊಂಡರು. ಹೊಸ ಗಡಿಯೊಳಗೆ ಹಿಂದಿನ ಚುನಾವಣೆಯ ಮತಗಳನ್ನು ಮತಗಟ್ಟೆವಾರು ಜೋಡಿಸಿ, ಈ ಗಡಿ ಆಗಲೇ ಇದ್ದಿದ್ದರೆ ಯಾರು ಗೆಲ್ಲುತ್ತಿದ್ದರು ಎಂದು ಲೆಕ್ಕ ಹಾಕುವ ಪದ್ಧತಿ ಅಲ್ಲಿದೆ. ಆ ಲೆಕ್ಕದಲ್ಲಿ ನೇಪಿಯನ್ ಕನ್ಸರ್ವೇಟಿವ್ ಕಡೆ ವಾಲಿತ್ತು. ಅಂಥ ಕಡೆ 2015ರಲ್ಲಿ ಲಿಬರಲ್ ಪಕ್ಷದಿಂದ ನಿಂತು ಗೆದ್ದವರು ಚಂದ್ರ ಆರ್ಯ.

ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ದ್ವಾರಾಳು ಅವರ ಊರು. ಕೆನಡಾಕ್ಕೆ ಹೋದದ್ದು 2006ರಲ್ಲಿ. ಒಂಬತ್ತೇ ವರ್ಷಕ್ಕೆ ಸಂಸದ. 2019ರಲ್ಲಿ, 2021ರಲ್ಲಿ ಮತ್ತೆ ಗೆದ್ದರು. ಕನ್ನಡಿಗರ ಮೊಬೈಲುಗಳಿಗೆ ನೇಪಿಯನ್ ಎಂಬ ಹೆಸರು ಬಂದಿಳಿದದ್ದು 2022ರ ಮೇ 19ರ ನಂತರ. ಕೆನಡಾದ ಕೆಳಮನೆಯಲ್ಲಿ ಪ್ರಶ್ನೋತ್ತರಕ್ಕೆ ಮೊದಲು ಹದಿನೈದು ನಿಮಿಷ ಸದಸ್ಯರ ಹೇಳಿಕೆಗಳಿಗೆ ಮೀಸಲು. ಒಬ್ಬೊಬ್ಬರಿಗೆ ಒಂದು ನಿಮಿಷ. ಆ ಒಂದು ನಿಮಿಷದಲ್ಲಿ ಆರ್ಯ ಕನ್ನಡದಲ್ಲಿ ಮಾತಾಡಿದರು. ತಮ್ಮ ಜಿಲ್ಲೆ, ತಾಲ್ಲೂಕು, ಹಳ್ಳಿ ಮೂರರ ಹೆಸರನ್ನೂ ಹೇಳಿದರು. 2018ರಲ್ಲಿ ಕೆನಡಾದ ಸಂಸತ್ತಿನಲ್ಲಿ ಕನ್ನಡ ರಾಜ್ಯೋತ್ಸವ ಆಚರಿಸಿದ್ದನ್ನು ನೆನೆದರು. ಕುವೆಂಪು ಅವರ ಸಾಲಿನೊಂದಿಗೆ ಮುಗಿಸಿದರು.

ಆ ದೃಶ್ಯ ನೋಡಿದಾಗೆಲ್ಲ ನನ್ನ ಕಣ್ಣು ಹೋಗುವುದು ಅವರ ಸುತ್ತಲಿನ ಜಾಗದ ಕಡೆ. ಸಂಸತ್ತಿನ ಮುಖ್ಯ ಕಟ್ಟಡ ದುರಸ್ತಿಗಾಗಿ ಮುಚ್ಚಿದೆ. 2019ರಿಂದ ಕೆಳಮನೆ ಸೇರುವುದು ಪಕ್ಕದ ವೆಸ್ಟ್ ಬ್ಲಾಕ್‌ನಲ್ಲಿ. ಆ ಕಟ್ಟಡದ ನಡುವೆ ಬಯಲಾಗಿದ್ದ ಅಂಗಳಕ್ಕೆ ಗಾಜಿನ ಚಾವಣಿ ಹೊದಿಸಿ ಸದನ ಮಾಡಿದ್ದಾರೆ. ಅಂಗಳದ ಸುತ್ತಲಿನ ಹತ್ತೊಂಬತ್ತನೆಯ ಶತಮಾನದ ಗೋಡೆಗಳು ಕಟ್ಟಿದ್ದು ಅದೇ ನೇಪಿಯನ್ ಕಲ್ಲಿನಿಂದ. ನೇಪಿಯನ್ ಜನ ಆರಿಸಿ ಕಳಿಸಿದ ದ್ವಾರಾಳಿನ ಮನುಷ್ಯ, ನೇಪಿಯನ್ ಕಲ್ಲಿನ ಗೋಡೆಗಳ ನಡುವೆ, ಮೇಲಿನಿಂದ ಬೀಳುವ ಬೆಳಕಿನಲ್ಲಿ ನಿಂತು ಕನ್ನಡ ಮಾತಾಡಿದರು.

ಅವರ ಸಂಸದಗಿರಿ ಮುಗಿದ ಬಗೆ ಅರ್ಥವಾಗಬೇಕಾದರೆ ಕಾನೂನಿನ ಇನ್ನೊಂದು ಎಳೆ ಹಿಡಿಯಬೇಕು. ಕೆನಡಾದಲ್ಲಿ ಅಭ್ಯರ್ಥಿಯನ್ನು ಸಾಮಾನ್ಯವಾಗಿ ಕ್ಷೇತ್ರದ ಪಕ್ಷ ಸದಸ್ಯರೇ ಆರಿಸುತ್ತಾರೆ. ಆದರೆ 1970ರ ಕಾಯ್ದೆಯ ನಂತರ ಮತಪತ್ರದಲ್ಲಿ ಪಕ್ಷದ ಹೆಸರು ಬರತೊಡಗಿತು. ಆ ಹೆಸರು ಬಳಸಬೇಕಾದರೆ ಪಕ್ಷದ ನಾಯಕನ ಒಪ್ಪಿಗೆ ಕಡ್ಡಾಯ. ನಮ್ಮ ಬಿ ಫಾರಂ ಇದ್ದ ಹಾಗೆ ಎಂದರೆ ತಟ್ಟನೆ ತಿಳಿಯುತ್ತದೆ. 2025ರ ಜನವರಿಯಲ್ಲಿ ಜಸ್ಟಿನ್ ಟ್ರೂಡೊ ಇಳಿಯುವುದಾಗಿ ಹೇಳಿದಾಗ ಆರ್ಯ ಪಕ್ಷದ ನಾಯಕತ್ವಕ್ಕೆ, ಅಂದರೆ ಪ್ರಧಾನಿ ಪಟ್ಟಕ್ಕೆ, ಸ್ಪರ್ಧಿಸುವುದಾಗಿ ಘೋಷಿಸಿದರು. ಪಕ್ಷ ಅವಕಾಶ ಕೊಡಲಿಲ್ಲ. ಮಾರ್ಚ್‌ನಲ್ಲಿ ನೇಪಿಯನ್‌ನ ಉಮೇದುವಾರಿಕೆಯನ್ನೂ ಹಿಂದೆ ಪಡೆದಿರುವುದಾಗಿ ತಿಳಿಸಿತು. ಮೂರು ಸಲ ಗೆದ್ದವರ ಬಿ ಫಾರಂ ಚುನಾವಣೆಯ ಹೊಸ್ತಿಲಲ್ಲಿ ಕೈತಪ್ಪಿತು. ನೋವಿನ ವಿಷಯ, ಹಾಗೆಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಮೂರು ಚುನಾವಣೆಗಳಲ್ಲಿ ಕ್ಷೇತ್ರದ ಜನ ಕೊಟ್ಟ ಒಪ್ಪಿಗೆಗಿಂತ ನಾಯಕತ್ವದ ಒಂದು ಒಪ್ಪಿಗೆ ಹೆಚ್ಚು ತೂಗುತ್ತದೆ ಎಂಬುದು ಅಲ್ಲೂ ನಿಜ, ಇಲ್ಲೂ ನಿಜ.

ಅಷ್ಟರಲ್ಲಿ ಮಾರ್ಕ್ ಕಾರ್ನಿ ಪಕ್ಷದ ನಾಯಕರಾಗಿ ಮಾರ್ಚ್ 14ರಂದು ಪ್ರಧಾನಿಯಾಗಿದ್ದರು. ಕೆನಡಾ ಮತ್ತು ಬ್ರಿಟನ್ ಎರಡೂ ದೇಶಗಳ ಕೇಂದ್ರ ಬ್ಯಾಂಕುಗಳ ಗವರ್ನರ್ ಆಗಿದ್ದವರು, ಚುನಾವಣೆಗೆ ನಿಂತವರೇ ಅಲ್ಲ. ಸಂಸದರಲ್ಲದವರು ಪ್ರಧಾನಿಯಾಗಲು ಕಾನೂನಿನ ಅಡ್ಡಿಯಿಲ್ಲ, ಆದರೆ ಬೇಗ ಸ್ಥಾನ ಗಳಿಸಬೇಕೆಂಬುದು ರೂಢಿ. ಮಾರ್ಚ್ 22ರಂದು ಅವರ ಕ್ಷೇತ್ರ ನೇಪಿಯನ್ ಎಂದು ಪ್ರಕಟವಾಯಿತು, ಮರುದಿನವೇ ಚುನಾವಣೆ ಘೋಷಿಸಿದರು. ಬೋರ್ಡನ್, ಡ್ರೂ ಬಂದ ಅದೇ ಸೀಮೆಗೆ ಇನ್ನೊಬ್ಬ ನಾಯಕ ಸ್ಥಾನ ಹುಡುಕಿ ಬಂದಿದ್ದರು. ಏಪ್ರಿಲ್ 28ರಂದು ನೂರಕ್ಕೆ ಅರವತ್ತಕ್ಕೂ ಹೆಚ್ಚು ಮತ ಪಡೆದು ಗೆದ್ದರು.

ಅದೇ ರಾತ್ರಿ ಬೇಲಿಯಾಚೆಯ ಕಾರ್ಲ್‌ಟನ್‌ನಲ್ಲಿ ವಿರೋಧ ಪಕ್ಷದ ನಾಯಕ ಪೊಯ್ಲಿಯೆವ್ರ್ ಸೋತರು. ಸೋಲಿಸಿದ್ದು ಲಿಬರಲ್ ಪಕ್ಷದ ಬ್ರೂಸ್ ಫ್ಯಾಂಜಾಯ್, ಎರಡು ವರ್ಷ ಮನೆಮನೆ ಬಾಗಿಲು ತಟ್ಟಿದ್ದವರು. ಆ ಕ್ಷೇತ್ರದ ಮತಪತ್ರದಲ್ಲಿ 91 ಹೆಸರುಗಳಿದ್ದವು. ಚುನಾವಣಾ ಪದ್ಧತಿ ಬದಲಾಗಬೇಕೆಂದು ಒತ್ತಾಯಿಸುವ ಗುಂಪೊಂದು ಪ್ರತಿಭಟನೆಗಾಗಿ ಅಷ್ಟು ಜನರನ್ನು ನಿಲ್ಲಿಸಿತ್ತು. ಅಲ್ಲಿ ಮತಯಂತ್ರವಿಲ್ಲ. ಪೆನ್ಸಿಲಿನಿಂದ ಗುರುತು ಹಾಕುವ ಕಾಗದ. ಆ ಕಾಗದ ಹೆಚ್ಚುಕಮ್ಮಿ ಒಂದು ಮೀಟರ್ ಉದ್ದವಾಗಿ, ಮಡಚಿ ಮಡಚಿ ಪೆಟ್ಟಿಗೆಗೆ ತುರುಕಬೇಕಾಯಿತು. ಮುಂಗಡ ಮತಗಳ ಎಣಿಕೆಯನ್ನು ಮತದಾನ ಮುಗಿಯುವ ಮುಂಚೆಯೇ ಶುರುಮಾಡಿದರು.

ಸೋತ ನಾಯಕ ಸದನಕ್ಕೆ ಮರಳಿದ್ದು ಸಾವಿರಾರು ಕಿಲೋಮೀಟರ್ ಆಚೆ, ಆಲ್ಬರ್ಟಾ ಪ್ರಾಂತ್ಯದ ಬ್ಯಾಟಲ್ ರಿವರ್—ಕ್ರೋಫುಟ್ ಎಂಬ ಕ್ಷೇತ್ರದಿಂದ. ಅಲ್ಲಿ ಗೆದ್ದಿದ್ದ ಡೇಮಿಯನ್ ಕುರೆಕ್ ನಾಯಕನಿಗಾಗಿ ರಾಜೀನಾಮೆ ಕೊಟ್ಟರು. 1978ರಲ್ಲಿ ಇಂದಿರಾ ಗಾಂಧಿಯವರಿಗಾಗಿ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರು ಬಿಟ್ಟುಕೊಟ್ಟದ್ದನ್ನು ಬಲ್ಲ ನಮಗೆ ಈ ಕತೆ ಬಿಡಿಸಿ ಹೇಳಬೇಕಿಲ್ಲ. 2025ರ ಆಗಸ್ಟ್ 18ರ ಆ ಉಪಚುನಾವಣೆಗೆ ನಿಂತವರು 214 ಮಂದಿ. ಅಷ್ಟು ಹೆಸರು ಅಚ್ಚು ಹಾಕಲಾಗದೆ ಖಾಲಿ ಮತಪತ್ರ ಕೊಟ್ಟರು. ಮತದಾರರು ತಮಗೆ ಬೇಕಾದವರ ಹೆಸರನ್ನು ತಮ್ಮ ಕೈಯಾರೆ ಬರೆದರು.

ಬಾರ್‌ಹೇವನ್ನಿನ ಆ ಮನೆಯವರು 1979ರಿಂದ ಈಚೆಗೆ ಒಂದು ಸಲವೂ ಮನೆ ಬದಲಿಸಿಲ್ಲ ಎಂದಿಟ್ಟುಕೊಂಡರೆ, ಅವರಿಗೆ ಇದುವರೆಗೆ ಏಳು ಸಂಸದರಾದರು: ಬೇಕರ್, ಟಪ್ಪರ್, ಗ್ಯಾಫ್ನಿ, ಪ್ರಾಟ್, ಪೊಯ್ಲಿಯೆವ್ರ್, ಆರ್ಯ, ಕಾರ್ನಿ. ಕ್ಷೇತ್ರದ ಹೆಸರು ಮೂರು ಸಲ ಬದಲಾಯಿತು. 2031ರ ಜನಗಣತಿ ಮುಗಿದ ಮೇಲೆ ಹೊಸ ಆಯೋಗ ಮತ್ತೆ ನಕ್ಷೆ ಹರಡಿಕೊಂಡು ಕೂರುತ್ತದೆ.